ತಾಯಿಗೆ ಶುಗರ್ ಇಲ್ಲ, ಕೂಸು ಮಾತ್ರ ನಾಲ್ಕು ಕೆ.ಜಿ.

ಶುಗರ್ ಇಲ್ಲ, ಬಿ.ಪಿ. ಇಲ್ಲ, ಒಂಬತ್ತು ತಿಂಗಳೂ ಮನೆಗೆಲಸ, ಹೊಲದ ಕೆಲಸ ಎಂದು ಅಡ್ಡಾಡಿಕೊಂಡೇ ಇದ್ದವಳು. ಅವಳಿಗೆ ಹುಟ್ಟಿದ ಕೂಸು ನಾಲ್ಕು ಕೆ.ಜಿ. ತೂಗಿದರೆ ಮನೆಯವರಿಗೆ ಮೊದಲು ಹಿಗ್ಗು, ಆಮೇಲೆ ಗೊಂದಲ. 'ಎಲ್ಲಾ ಚೊಲೋ ಇತ್ತಲ್ಲ, ಮತ್ತ್ಯಾಕ ಇಷ್ಟು ದೊಡ್ಡ ಕೂಸು?' ಹಳಿಯಾಳ, ದಾಂಡೇಲಿ, ಮುಂಡಗೋಡ, ಜೊಯಿಡಾದ ಯಾವ ಮನೆಯಲ್ಲಾದರೂ ಏಳಬಹುದಾದ ಪ್ರಶ್ನೆ ಇದು. ಇದಕ್ಕೆ ಉತ್ತರವಿದೆ. ಆದರೆ ಆ ಉತ್ತರ ಹೆರಿಗೆ ಮುಗಿದ ಮೇಲೆ ಗೊತ್ತಾಗುವುದಕ್ಕಿಂತ ಬಸಿರು ಐದಾರು ತಿಂಗಳಿರುವಾಗಲೇ ಗೊತ್ತಾದರೆ ಹೆಚ್ಚು ಉಪಯೋಗ.

ಮುಂದೆ ಹೋಗುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನಮ್ಮ ದೇಶದ ದೊಡ್ಡ ಚಿಂತೆ ದಪ್ಪ ಕೂಸಲ್ಲ, ಸಣ್ಣ ಕೂಸು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತೂಕ ದಾಖಲಾದ ನೂರು ನವಜಾತ ಶಿಶುಗಳಲ್ಲಿ ಸುಮಾರು 18 ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದವು. ಕಾಡಿನಂಚಿನ ಸಿದ್ದಿ, ಕುಣಬಿ, ಗೌಳಿ ಕುಟುಂಬಗಳ ಬಸುರಿಯರಿಗೆ ರಕ್ತ ಕಡಿಮೆ ಇರುವುದು, ತೂಕ ಏರದಿರುವುದೇ ಮೊದಲ ಆತಂಕ. ಹೀಗಿರುವಾಗ ಈ ಲೇಖನ ಓದಿ ಯಾರಾದರೂ ಊಟ ಕಡಿಮೆ ಮಾಡಿದರೆ ಅದರಂಥ ಅನಾಹುತ ಇನ್ನೊಂದಿಲ್ಲ. ದೊಡ್ಡ ಕೂಸಿನ ವಿಚಾರದಲ್ಲಿ ಮಾಡಬೇಕಾದದ್ದು ಹೊಟ್ಟೆ ಕಟ್ಟುವುದಲ್ಲ. ಲೆಕ್ಕ ಇಡುವುದು, ಪರೀಕ್ಷೆ ಮಾಡಿಸುವುದು, ಹೆರಿಗೆ ಎಲ್ಲಿ ಆಗಬೇಕೆಂದು ಮುಂಚೆಯೇ ನಿರ್ಧರಿಸುವುದು. ಆಸ್ಪತ್ರೆ ದೂರ ಇರುವ ಊರುಗಳಲ್ಲಿ ಈ ಮೂರನೆಯದಕ್ಕೇ ಹೆಚ್ಚು ಬೆಲೆ.

ಎಷ್ಟು ತೂಗಿದರೆ ದೊಡ್ಡದು?

ವೈದ್ಯಕೀಯ ಪುಸ್ತಕಗಳಲ್ಲಿ ಗೆರೆ 4 ಕೆ.ಜಿ.ಗೆ ಇದೆ, ಕೆಲವರು ನಾಲ್ಕೂವರೆಗೆ ಎಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಗಂಡುಮಗುವಿನ ನಡುಮಧ್ಯದ ಜನನ ತೂಕ 3.3 ಕೆ.ಜಿ., ಹೆಣ್ಣಿನದು 3.2. ನಮ್ಮ ಮಕ್ಕಳ ಸರಾಸರಿ ಇದಕ್ಕಿಂತಲೂ ಕೆಳಗೆ, ಮೂರು ಕೆ.ಜಿ.ಯ ಒಳಗೆ. ಆದ್ದರಿಂದ ಪುಸ್ತಕದ ಗೆರೆಯನ್ನೇ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. 165 ಸೆಂ.ಮೀ. ಎತ್ತರದ ತಾಯಿ 3.7 ಕೆ.ಜಿ. ಕೂಸನ್ನು ಸಲೀಸಾಗಿ ಹೆರಬಹುದು. 142 ಸೆಂ.ಮೀ. ಎತ್ತರದ, ಸಣ್ಣ ಮೈಕಟ್ಟಿನ ತಾಯಿಗೆ ಅದೇ ಕೂಸು ತ್ರಾಸ ಕೊಡಬಹುದು. ಮರಾಠರು, ಲಂಬಾಣಿಗರು, ಸಿದ್ದಿಗಳು, ಕುಣಬಿಗಳು, ಗೌಳಿಗಳು, ಮುಂಡಗೋಡದ ಟಿಬೆಟನ್ ಕ್ಯಾಂಪಿನವರು ಎಲ್ಲರೂ ಇರುವ ಈ ಸೀಮೆಯಲ್ಲಿ ಮೈಕಟ್ಟೂ ನಾನಾ ಬಗೆ. ಕೂಸಿನ ತೂಕವನ್ನು ಯಾವಾಗಲೂ ತಾಯಿಯ ಎತ್ತರದ ಪಕ್ಕದಲ್ಲಿಟ್ಟು ನೋಡಬೇಕು. ಮೊದಲ ತಪಾಸಣೆಯಲ್ಲಿ ಎತ್ತರ ಅಳೆದು ತಾಯಿ ಕಾರ್ಡಿನಲ್ಲಿ ಬರೆಯುವುದು ಈ ಕಾರಣಕ್ಕೇ. ಆ ಜಾಗ ಖಾಲಿ ಬಿಟ್ಟಿದ್ದರೆ ಕೇಳಿ ಬರೆಸಿಕೊಳ್ಳಿ.

ದೊಡ್ಡ ಕೂಸಿನಲ್ಲೂ ಎರಡು ಬಗೆ ಇವೆ. ಅಪ್ಪ ಅಮ್ಮ ಎತ್ತರದವರಾಗಿ, ಕೂಸೂ ಉದ್ದಕ್ಕೆ, ತಲೆಯಿಂದ ಕಾಲವರೆಗೆ ಒಂದೇ ಪ್ರಮಾಣದಲ್ಲಿ ಬೆಳೆದಿರುವುದು ಒಂದು. ಉದ್ದ ಸಾಧಾರಣವಿದ್ದು ಭುಜ, ಎದೆ, ಹೊಟ್ಟೆಯ ಸುತ್ತ ಕೊಬ್ಬು ತುಂಬಿಕೊಂಡಿರುವುದು ಇನ್ನೊಂದು. ಹೆರಿಗೆ ಹೊತ್ತಿನಲ್ಲಿ ಕಾಡುವುದು ಹೆಚ್ಚಾಗಿ ಎರಡನೆಯದು. ತಲೆ ಹೊರಬಂದರೂ ಭುಜ ಸಿಕ್ಕಿಕೊಳ್ಳುತ್ತದೆ.

ಆರೋಗ್ಯವಂತ ತಾಯಿಯಲ್ಲೂ ಯಾಕೆ?

ಮೊದಲು ಬದಲಿಸಲಾಗದ ಕಾರಣಗಳು. ಹಿಂದಿನ ಕೂಸು 4 ಕೆ.ಜಿ. ಆಸುಪಾಸು ಹುಟ್ಟಿದ್ದರೆ ಮುಂದಿನದೂ ದೊಡ್ಡದಾಗುವ ಸಾಧ್ಯತೆ ಬಹಳ. ಇದು ಎಲ್ಲಕ್ಕಿಂತ ಗಟ್ಟಿಯಾದ ಸುಳಿವು. ತಂದೆ ತಾಯಿಯ ಎತ್ತರ, ತಾಯಿ ತಾನೇ ಹುಟ್ಟಿದಾಗ ಎಷ್ಟು ತೂಗಿದ್ದಳು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚೊಚ್ಚಲು ಕೂಸಿಗಿಂತ ಎರಡನೆಯದು, ಮೂರನೆಯದು ಸಾಮಾನ್ಯವಾಗಿ ನೂರು ಗ್ರಾಂ ಆಚೀಚೆ ಹೆಚ್ಚು ತೂಗುತ್ತವೆ. ಗಂಡುಕೂಸೂ ಹೆಣ್ಣಿಗಿಂತ ಸರಾಸರಿ ಅಷ್ಟೇ ಹೆಚ್ಚು. ಇವುಗಳಲ್ಲಿ ಒಂದೊಂದೂ ಚಿಕ್ಕದು. ಎರಡು ಮೂರು ಒಬ್ಬಳಲ್ಲೇ ಕೂಡಿದರೆ ಗಮನ ಕೊಡಬೇಕು.

ಎಲ್ಲರೂ ಮರೆಯುವ ಕಾರಣ ದಿನ ಮೀರುವುದು. ನಲವತ್ತು ವಾರ ದಾಟಿದ ಮೇಲೂ ಕೂಸು ಬೆಳೆಯುತ್ತಲೇ ಇರುತ್ತದೆ. ಕೊನೆಯ ಮುಟ್ಟಿನ ತಾರೀಖು ಸರಿಯಾಗಿ ನೆನಪಿಲ್ಲದೆ ಅಂದಾಜಿನಲ್ಲಿ ಬರೆಸಿದ್ದರೆ, 'ಇನ್ನೂ ಎರಡು ವಾರ ಐತಿ' ಎಂದುಕೊಂಡ ಬಸುರಿಗೆ ನಿಜಕ್ಕೂ 41 ವಾರ ಮುಗಿದಿರಬಹುದು. ಇದಕ್ಕೆ ಮದ್ದು ಸುಲಭ. ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ, ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನಿಂಗ್ ಮಾಡಿಸಿ. ಆಗ ಸಿಗುವ ಹೆರಿಗೆ ತಾರೀಖಿನಷ್ಟು ನಿಖರವಾದದ್ದು ಎಂಟನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಸಿಗುವುದಿಲ್ಲ.

ಇನ್ನು ನಮ್ಮ ಕೈಯಲ್ಲಿ ಸ್ವಲ್ಪ ಮಟ್ಟಿಗೆ ಇರುವವು. ಬಸಿರಿಗೆ ಮೊದಲೇ ತಾಯಿಯ ತೂಕ ಎಷ್ಟಿತ್ತು, ಬಸಿರಿನಲ್ಲಿ ಎಷ್ಟು ಏರಿತು ಎಂಬುದು ಇಲ್ಲಿ ಮುಖ್ಯ. ತೂಕವನ್ನು ಕೆ.ಜಿ.ಯಲ್ಲಿ ಹಿಡಿದು, ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಗೆ ಬಿ.ಎಂ.ಐ. ಎನ್ನುತ್ತಾರೆ. 150 ಸೆಂ.ಮೀ. ಎತ್ತರದವಳು 45 ಕೆ.ಜಿ. ಇದ್ದರೆ 20, ಅದೇ ಎತ್ತರದವಳು 60 ಕೆ.ಜಿ. ಇದ್ದರೆ 26.7. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಹೆಚ್ಚು ಎಂದೇ ವೈದ್ಯರು ಹಿಡಿಯುತ್ತಾರೆ. ಸಾಧಾರಣ ತೂಕದ ನಮ್ಮ ಹೆಣ್ಣುಮಕ್ಕಳಿಗೆ ಒಟ್ಟು 10ರಿಂದ 12 ಕೆ.ಜಿ. ಏರಿಕೆ ಒಳ್ಳೆಯದು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಪಟ್ಟಿಯಲ್ಲಿ 25ರಿಂದ 30ರ ನಡುವಿನ ಬಿ.ಎಂ.ಐ. ಇದ್ದವರಿಗೆ 7ರಿಂದ 11.5 ಕೆ.ಜಿ. ಸಾಕು ಎಂದಿದೆ. ತೀರಾ ಸಣಕಲು ಇದ್ದವಳು ಹೆಚ್ಚು ಏರಬೇಕು. ಅವಳಿಗೆ 12.5 ಕೆ.ಜಿ.ಗಿಂತ ಮೇಲೆ ಏರಿದರೂ ಒಳ್ಳೆಯದೇ.

ದಾಂಡೇಲಿಯ ಕಾಲೊನಿಯಲ್ಲಿ ಕೂತು ಮಾಡುವ ಕೆಲಸದಲ್ಲಿರುವವಳ ದಿನಚರಿಯೂ ಜೊಯಿಡಾದ ಹಳ್ಳಿಯಲ್ಲಿ ಗುಡ್ಡ ಹತ್ತಿ ಇಳಿದು ನೀರು, ಕಟ್ಟಿಗೆ ತರುವವಳ ದಿನಚರಿಯೂ ಒಂದೇ ಅಲ್ಲ. ಮೊದಲನೆಯವಳಿಗೆ ದಿನಕ್ಕೆ ಅರ್ಧ ಗಂಟೆ ನಡೆ ಎಂದು ಹೇಳಬೇಕು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಬಸುರಿಗೂ ಸುರಕ್ಷಿತ, ತೂಕ ಹದ್ದು ಮೀರದಂತೆ ಹಿಡಿದಿಡುತ್ತದೆ. ಎರಡನೆಯವಳಿಗೆ ಹೇಳಬೇಕಾದ್ದು ವಿಶ್ರಾಂತಿಯ ಬಗ್ಗೆ. ಇಬ್ಬರಿಗೂ ಒಂದೇ ಸಲಹೆ ಓದಿ ಹೇಳುವುದು ನ್ಯಾಯವಲ್ಲ.

ಮೈಸೂರಿನ ಹಳೆಯ ಕಡತಗಳು ಹೇಳಿದ್ದು

'ಶುಗರ್ ಇಲ್ಲ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ. ಇದಕ್ಕೆ ನಮ್ಮ ನಾಡಿನಲ್ಲೇ ಒಳ್ಳೆಯ ಆಧಾರವಿದೆ. ಮೈಸೂರಿನ ಮಂಡಿಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡು ಬಂದಿತ್ತು. ಆ ಕಡತಗಳಲ್ಲಿದ್ದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ ಅಚ್ಚರಿಯ ಸಂಗತಿ ಹೊರಬಂತು. ಹೃದ್ರೋಗ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೆಚ್ಚು ಕಂಡಿತು. ಸಕ್ಕರೆ ಕಾಯಿಲೆ ಮಾತ್ರ ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ, ಭಾರವಿದ್ದ ತಾಯಂದಿರ ಮಕ್ಕಳಲ್ಲಿ ಹೆಚ್ಚು ಕಂಡಿತು. 1998ರಲ್ಲಿ ಪ್ರಕಟವಾದ ಸಕ್ಕರೆ ಕಾಯಿಲೆಯ ವರದಿ 'ದಪ್ಪ ಕೂಸು ಅಂದ್ರ ಗಟ್ಟಿ ಕೂಸು' ಎಂಬ ನಂಬಿಕೆಯನ್ನು ಅಲುಗಿಸುವಂಥದ್ದು.

ಅದೇ ಹೊತ್ತಿಗೆ, 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರನ್ನು ಸೇರಿಸಿಕೊಂಡು ಮೈಸೂರು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಡಾ. ಜಿ.ವಿ. ಕೃಷ್ಣವೇಣಿ, ಇಂಗ್ಲೆಂಡಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ನಡೆಸಿದ ಕೆಲಸ ಅದು. ಸುಮಾರು ಮೂವತ್ತನೇ ವಾರದಲ್ಲಿ ಗ್ಲೂಕೋಸ್ ಕುಡಿಸಿ ಪರೀಕ್ಷಿಸಿದ ಎಂಟುನೂರರ ಹತ್ತಿರದ ಹೆಂಗಸರಲ್ಲಿ ನೂರಕ್ಕೆ ಆರು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ಅವರ ಕೂಸುಗಳು ದೊಡ್ಡವಿದ್ದದ್ದು ನಿರೀಕ್ಷಿತವೇ. ನಮ್ಮ ವಿಷಯಕ್ಕೆ ಬೇಕಾದದ್ದು ಇನ್ನೊಂದು ಸಂಗತಿ. ಸಕ್ಕರೆ ಕಾಯಿಲೆ ಇಲ್ಲವೆಂದು ಖಚಿತವಾದ ತಾಯಂದಿರಲ್ಲೂ, ಬರಿಹೊಟ್ಟೆಯ ಸಕ್ಕರೆ ಅಂಶ ಮೇಲಿದ್ದಷ್ಟೂ ಕೂಸಿನ ತೂಕ ಹೆಚ್ಚಾಗುತ್ತಾ ಹೋಗಿತ್ತು. ಇದೇ ಮಾತನ್ನು 2008ರಲ್ಲಿ ಒಂಬತ್ತು ದೇಶಗಳ 23 ಸಾವಿರಕ್ಕೂ ಹೆಚ್ಚು ಬಸುರಿಯರನ್ನು ನೋಡಿದ 'ಹಾಪೊ' ಅಧ್ಯಯನ ಇನ್ನಷ್ಟು ಗಟ್ಟಿಮಾಡಿತು. ಇಲ್ಲಿಯವರೆಗೆ ಸುರಕ್ಷಿತ, ಇಲ್ಲಿಂದ ಅಪಾಯ ಎಂದು ಕೊಯ್ದಂತೆ ಹೇಳುವ ಗಡಿ ಅಲ್ಲಿ ಸಿಗಲಿಲ್ಲ. ಸಕ್ಕರೆ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಕೂಸಿನ ತೂಕವೂ ಏರಿತ್ತು.

ಇದು ನಡೆಯುವ ಬಗೆಯನ್ನು ಡೆನ್ಮಾರ್ಕಿನ ವೈದ್ಯ ಯಾರ್ಗನ್ ಪೆಡರ್ಸನ್ 1950ರ ದಶಕದಲ್ಲೇ ವಿವರಿಸಿದ್ದರು. ತಾಯಿಯ ರಕ್ತದ ಸಕ್ಕರೆ ಕಸವನ್ನು, ಅಂದರೆ ಹೆರಿಗೆಯಾದ ಮೇಲೆ ಬೀಳುವ ಮಾಸುಚೀಲವನ್ನು ದಾಟಿ ಕೂಸಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ಸಂಭಾಳಿಸಲು ಕೂಸು ತನ್ನದೇ ಇನ್ಸುಲಿನ್ ಹೆಚ್ಚು ಹೆಚ್ಚು ಮಾಡಿಕೊಳ್ಳುತ್ತದೆ. ಆ ಇನ್ಸುಲಿನ್ ಸಕ್ಕರೆಯನ್ನು ಕೊಬ್ಬಾಗಿಸಿ ಭುಜಕ್ಕೂ ಹೊಟ್ಟೆಗೂ ಕೂಡಿಸುತ್ತದೆ. ತಾಯಿಯ ವರದಿಯಲ್ಲಿ ಅಂಕಿ ಗಡಿಯ ಒಳಗೇ ಇರಬಹುದು. ತುಸು ಹೆಚ್ಚಾದ ಸಕ್ಕರೆ ತಿಂಗಳುಗಟ್ಟಲೆ ಹೋದರೆ ಕೂಸಿನ ಮೈಯಲ್ಲಿ ಅದು ಕಾಣುತ್ತದೆ.

ಹಾಗಾದರೆ 'ಆರೋಗ್ಯವಂತ ತಾಯಿ' ಎನ್ನುವವರಲ್ಲಿ ಮೂರು ಬಗೆಯವರು ಇರುತ್ತಾರೆ. ನಿಜಕ್ಕೂ ಎಲ್ಲ ಸರಿಯಿದ್ದು ವಂಶದ ಮೈಕಟ್ಟಿನಿಂದ ದೊಡ್ಡ ಕೂಸು ಹೆರುವವರು. ಗಡಿಯ ಕೆಳಗೇ ಇದ್ದರೂ ಸಕ್ಕರೆ ಮೇಲ್ಮಟ್ಟದಲ್ಲಿ ಇರುವವರು. ಪರೀಕ್ಷೆಯನ್ನೇ ಮಾಡಿಸದೆ 'ಶುಗರ್ ಇಲ್ಲ' ಎಂದುಕೊಂಡವರು. ನನ್ನ ಕಾಳಜಿ ಹೆಚ್ಚು ಈ ಮೂರನೆಯವರ ಬಗ್ಗೆ. ಬಸಿರಿನ ಸಕ್ಕರೆ ಕಾಯಿಲೆಗೆ ಬಾಯಾರಿಕೆ, ಸುಸ್ತು ಎಂಬ ಲಕ್ಷಣ ಬಹುಪಾಲು ಇರುವುದೇ ಇಲ್ಲ. ಮೈ ಚೆನ್ನಾಗಿದೆ ಎಂಬುದು ಪರೀಕ್ಷೆಗೆ ಬದಲಿಯಾಗಲಾರದು.

ಗ್ಲೂಕೋಸ್ ನೀರಿನ ಪರೀಕ್ಷೆ

ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುವ ಪರೀಕ್ಷೆಗೆ ಡಿಪ್ಸಿ ವಿಧಾನ ಎನ್ನುತ್ತಾರೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಪ್ರತಿ ಬಸುರಿಗೂ ಇದು ಎರಡು ಸಲ ಆಗಬೇಕು. ಮೊದಲ ತಪಾಸಣೆಗೆ ಬಂದ ದಿನವೇ ಒಂದು ಸಲ, 24ರಿಂದ 28 ವಾರದ ನಡುವೆ ಇನ್ನೊಂದು ಸಲ. ಎರಡರ ನಡುವೆ ಕನಿಷ್ಠ ನಾಲ್ಕು ವಾರ ಅಂತರ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ, ಐದು-ಹತ್ತು ನಿಮಿಷದಲ್ಲಿ ಕುಡಿದು, ಎರಡು ಗಂಟೆ ಕಳೆದ ಮೇಲೆ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸಿರಿನ ಸಕ್ಕರೆ ಕಾಯಿಲೆ ಎಂದು ಚಿಕಿತ್ಸೆ ಶುರು. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು.

ಇದರಲ್ಲಿ ನಮ್ಮ ಭಾಗಕ್ಕೆ ವರದಾನವಾದ ಅಂಶವೆಂದರೆ ಉಪವಾಸ ಬೇಕಿಲ್ಲ. ಅಣಶಿ ಕಡೆಯಿಂದಲೋ ಕುಂಬಾರವಾಡದಿಂದಲೋ ಬೆಳಗಿನ ಬಸ್ಸಿಗೆ ಹೊರಟು, ದಾರಿಯಲ್ಲಿ ನಾಷ್ಟಾ ಮುಗಿಸಿ ಬಂದವಳಿಗೂ ಅಂದೇ ಪರೀಕ್ಷೆ ಮಾಡಬಹುದು. 'ಊಟ ಮಾಡಿ ಬಂದೀರಿ, ನಾಳೆ ಬರ್ರಿ' ಎಂದು ಯಾರಾದರೂ ವಾಪಸು ಕಳಿಸಿದರೆ ಈ ಮಾತನ್ನು ವಿನಯದಿಂದಲೇ ನೆನಪಿಸಿ. ಮೂರು ತಾಸಿನ ದಾರಿ ಸವೆಸಿ ಬಂದವಳು ಮರುದಿನ ಬರಲಾರಳು. ಪರೀಕ್ಷೆ ಅಲ್ಲಿಗೇ ತಪ್ಪುತ್ತದೆ. ಎರಡು ಗಂಟೆ ಕಾಯಬೇಕಾದ್ದರಿಂದ ಬಸ್ಸಿನ ವೇಳೆ ನೋಡಿಕೊಂಡು ಬೇಗ ತಲುಪುವುದು ಒಳ್ಳೆಯದು. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಬಸುರಿಯರನ್ನು ಉಚಿತವಾಗಿ ತಪಾಸಣೆ ಮಾಡುವ ದಿನ. ಅದೇ ದಿನಕ್ಕೆ ಹೊಂದಿಸಿಕೊಂಡರೆ ಒಂದೇ ಓಡಾಟದಲ್ಲಿ ಎರಡೂ ಕೆಲಸ ಆಗುತ್ತದೆ.

ಖಾಸಗಿ ಲ್ಯಾಬಿನಲ್ಲಿ ಕೆಲವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯೊಂದನ್ನೇ ಮಾಡಿಸಿ ಸುಮ್ಮನಾಗುತ್ತಾರೆ. ಬಸಿರಿನಲ್ಲಿ ಅದೊಂದನ್ನೇ ನಂಬುವಂತಿಲ್ಲ. ಕಬ್ಬಿಣಾಂಶ ಕಡಿಮೆ ಇದ್ದರೆ ಅಂಕಿ ಸುಳ್ಳೇ ಮೇಲೆ ತೋರಿಸಬಹುದು, ಬಸಿರಿನಲ್ಲಿ ರಕ್ತಕಣಗಳ ಆಯುಷ್ಯ ಕಡಿಮೆಯಾಗುವುದರಿಂದ ಕೆಳಗೂ ತೋರಿಸಬಹುದು. ಗ್ಲೂಕೋಸ್ ಕುಡಿದು ಮಾಡಿಸುವ ಪರೀಕ್ಷೆಯನ್ನೇ ಕೇಳಿ.

ಮಾತ್ರೆಯಿಂದ ಕೂಸು ದಪ್ಪ ಆಗುತ್ತದೆಯೇ?

ಆಗುವುದಿಲ್ಲ. ಈ ಭಯ ಹಳೆಯದು. ಕರಾವಳಿ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಂಪತಿ 1983ರಲ್ಲಿ ಬಸುರಿಯರ ಆಹಾರ ನಂಬಿಕೆಗಳ ಬಗ್ಗೆ ಬರೆದರು. ಹೊಟ್ಟೆಯಲ್ಲಿ ಅನ್ನಕ್ಕೂ ಕೂಸಿಗೂ ಇರುವ ಜಾಗ ಒಂದೇ, ಹೆಚ್ಚು ಉಂಡರೆ ಕೂಸಿಗೆ ಇಕ್ಕಟ್ಟು, ಕೂಸು ದೊಡ್ಡದಾದರೆ ಹೆರಿಗೆ ಕಷ್ಟ — ಇಂಥ ನಂಬಿಕೆಗಳನ್ನೆಲ್ಲ ಅವರು ಅಲ್ಲಿ ದಾಖಲಿಸಿದರು. ಕಬ್ಬಿಣದ ಮಾತ್ರೆಯನ್ನು ಶಂಕೆಯಿಂದ ನೋಡುವುದು ಇಂದಿಗೂ ಹೋಗಿಲ್ಲ. 'ಗುಳಿಗಿ ತಗೊಂಡ್ರ ಕೂಸು ಬೆಳೀತೈತಿ, ಆಪರೇಷನ್ ಆಗತೈತಿ' ಎಂದು ಹಿರಿಯರು ಹೇಳಿದರೆ ಸೊಸೆ ಆ ಪಟ್ಟಿಯನ್ನು ಟ್ರಂಕಿನಲ್ಲಿಟ್ಟು ಸುಮ್ಮನಾಗುತ್ತಾಳೆ. ಕಬ್ಬಿಣ, ಫೋಲಿಕ್ ಆಮ್ಲ, ಸುಣ್ಣದ ಮಾತ್ರೆಗಳು ಕೂಸನ್ನು ಊದಿಸುವುದಿಲ್ಲ. ದೊಡ್ಡ ಕೂಸಿನ ಹೆರಿಗೆಯಲ್ಲಿ ರಕ್ತಸ್ರಾವ ಹೆಚ್ಚಾಗುವ ಸಂಭವ ಇರುವುದರಿಂದ ಆ ಮಾತ್ರೆ ಅವಳಿಗೇ ಹೆಚ್ಚು ಅಗತ್ಯ. ಹಿಮೋಗ್ಲೋಬಿನ್ 11 ಇದ್ದವಳು ತಡೆದುಕೊಳ್ಳುವ ರಕ್ತನಷ್ಟವನ್ನು 7 ಇದ್ದವಳು ತಡೆದುಕೊಳ್ಳಲಾರಳು.

ಇನ್ನೊಂದು ತುದಿಯ ಮಾತೂ ಇದೆ. 'ಎರಡು ಜೀವದಾಕಿ, ಎರಡು ಪಾಲು ಉಣ್ಣು.' ಪ್ರೀತಿಯ ಮಾತು, ಆದರೆ ಲೆಕ್ಕ ಸರಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ನಾಲ್ಕನೇ ತಿಂಗಳಿನಿಂದ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದ್ದು ಸುಮಾರು 350 ಕ್ಯಾಲರಿ. ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಬೇಳೆ, ಒಂದು ಲೋಟ ಹಾಲು — ಇಷ್ಟರಲ್ಲಿ ಅದು ಮುಗಿಯಿತು. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯಡಿ 2017ರಿಂದ ಕೊಡುತ್ತಿರುವ ಊಟವನ್ನು ಬಿಡಬಾರದು. ಅನ್ನ, ಸಾರು, ಮೊಟ್ಟೆ, ಹಾಲು ಎಲ್ಲ ಸೇರಿ ಆ ಕೊರತೆಯನ್ನು ತುಂಬಲೆಂದೇ ಇರುವ ಊಟ ಅದು.

ತೂಕ ಬೇಗ ಬೇಗ ಏರುತ್ತಿದ್ದರೆ, ಅಥವಾ ಸಕ್ಕರೆ ಅಂಕಿ ಗಡಿಯ ಸಮೀಪ ಇದ್ದರೆ, ಊಟ ಬಿಡಬಾರದು, ತಟ್ಟೆಯನ್ನು ಬದಲಿಸಬೇಕು. ಅನ್ನದ ರಾಶಿ ಅರ್ಧಕ್ಕಿಳಿಸಿ ಪಲ್ಯ, ಕಾಳು, ಮೊಸರು ಹೆಚ್ಚಿಸಿ. ಕುಣಬಿ ಮನೆಗಳ ಮುಡ್ಲಿ, ಕೆಸು, ಗೆಣಸು ಒಳ್ಳೆಯ ಆಹಾರವೇ. ಆದರೆ ಅವೂ ಪಿಷ್ಟವೇ ಆದ್ದರಿಂದ ಅನ್ನದ ಜೊತೆಗೆ ಹೆಚ್ಚುವರಿಯಾಗಿ ತಿನ್ನದೆ, ಅನ್ನದ ಬದಲಿಗೆ ತಿನ್ನಬೇಕು. ಹೊಳೆ ಮೀನು, ಮೊಟ್ಟೆ, ಶೇಂಗಾ ಚಟ್ನಿ, ಮೊಳಕೆ ಕಾಳು ಧಾರಾಳವಾಗಿರಲಿ. ಮೂರು ದೊಡ್ಡ ಊಟವನ್ನು ಐದಾರು ಸಣ್ಣ ಊಟವಾಗಿ ಹಂಚಿಕೊಳ್ಳಿ. ನಿಜಕ್ಕೂ ಕೈಬಿಡಬೇಕಾದ್ದು ಸಿಹಿ ಪಾನೀಯಗಳನ್ನು. ಹಳಿಯಾಳದ ಕಡೆ ಕಬ್ಬಿನ ಹಾಲು, ಬಾಟಲಿಯ ತಂಪು ಪಾನೀಯ, ದಿನಕ್ಕೆ ನಾಲ್ಕೈದು ಸಲ ಸಕ್ಕರೆ ಸುರಿದ ಚಹಾ ಎಲ್ಲವೂ ಈ ಲೆಕ್ಕದಲ್ಲಿ ಬರುತ್ತವೆ. ಕುಬಸದ ದಿನ ಒಂದು ಹೋಳಿಗೆ ತಿಂದರೆ ಕೂಸು ದೊಡ್ಡದಾಗುವುದಿಲ್ಲ. ಕುಬಸ ಮುಗಿದ ಮೇಲೂ ಬೀಗರು, ನೆಂಟರು ತಿಂಗಳುಗಟ್ಟಲೆ ಕಳಿಸುವ ಉಂಡಿಗಳ ಡಬ್ಬಿಯೇ ಬೇರೆ ಕಥೆ.

ಅಳತೆ ಪಟ್ಟಿ, ಸ್ಕ್ಯಾನಿಂಗ್

ಇಪ್ಪತ್ತನಾಲ್ಕನೇ ವಾರದ ನಂತರ ನರ್ಸಮ್ಮ ಹೊಟ್ಟೆಯ ಮೇಲೆ ಟೇಪು ಹಿಡಿದು ಗರ್ಭಕೋಶದ ಎತ್ತರ ಅಳೆಯಬೇಕು. ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂ.ಮೀ. ಇರುವುದು ವಾಡಿಕೆ. 32 ವಾರಕ್ಕೆ 35–36 ಬಂದರೆ ಕೂಸು ದೊಡ್ಡದಿರಬಹುದು, ನೀರು ಹೆಚ್ಚಿರಬಹುದು, ಅವಳಿ ಇರಬಹುದು ಅಥವಾ ತಾರೀಖೇ ತಪ್ಪಿರಬಹುದು. ಸ್ಕ್ಯಾನಿಂಗ್ ಇದನ್ನು ಬಿಡಿಸಿ ಹೇಳುತ್ತದೆ. ಆದರೆ ಕೊನೆಯ ತಿಂಗಳಲ್ಲಿ ಸ್ಕ್ಯಾನಿಂಗ್ ಕೊಡುವ ತೂಕ ಒಂದು ಅಂದಾಜು. ನೂರಕ್ಕೆ ಹತ್ತು-ಹದಿನೈದು ಆಚೀಚೆ ಆಗುತ್ತದೆ. ಕಾಗದದಲ್ಲಿ 3.8 ಕೆ.ಜಿ. ಎಂದಿದ್ದರೆ ನಿಜದಲ್ಲಿ 3.3 ಇರಬಹುದು, 4.3 ಕೂಡ ಇರಬಹುದು. ಅದೊಂದು ಅಂಕಿ ನೋಡಿ ಹೆದರಿ, ದಿನ ತುಂಬುವ ಮೊದಲೇ ಆಪರೇಷನ್ನಿಗೆ ಒಪ್ಪಬೇಕಿಲ್ಲ. ಸಕ್ಕರೆ ಕಾಯಿಲೆ ಇಲ್ಲದ ತಾಯಿಯಲ್ಲಿ ಬರೀ ತೂಕದ ಕಾರಣಕ್ಕೆ ಸಿಸೇರಿಯನ್ ಯೋಚಿಸುವುದು ಅಂದಾಜು 5 ಕೆ.ಜಿ. ಮುಟ್ಟಿದಾಗ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುತ್ತದೆ. ನಮ್ಮ ಸಣ್ಣ ಮೈಕಟ್ಟಿನ ತಾಯಂದಿರಿಗೆ ಈ ಅಂಕಿಯನ್ನು ಹಾಗೇ ತಂದಿಡಲಾಗದು. ಎತ್ತರ, ಹಿಂದಿನ ಹೆರಿಗೆ ಹೇಗಾಯಿತು, ತಲೆ ಕೆಳಗಿಳಿದಿದೆಯೇ ಎಂಬುದನ್ನೆಲ್ಲ ನೋಡಿ ವೈದ್ಯರು ನಿರ್ಧರಿಸಬೇಕು. ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಒಂದು ವಾರದಲ್ಲಿ ಒಂದು ಕೆ.ಜಿ.ಗಿಂತ ಹೆಚ್ಚು ತೂಕ ಏರಿ, ಮುಖ ಕೈ ಬಾತು, ತಲೆನೋವು, ಕಣ್ಣು ಮಂಜು ಬಂದರೆ ಅದು ದೊಡ್ಡ ಕೂಸಿನ ಲಕ್ಷಣವಲ್ಲ, ಬಿ.ಪಿ. ಏರಿದ್ದರ ಲಕ್ಷಣ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹೆರಿಗೆ ಎಲ್ಲಿ?

ಹಿಂದಿನ ಕೂಸು ದೊಡ್ಡದಿತ್ತು, ಈ ಸಲ ಹೊಟ್ಟೆ ಅಳತೆ ಮುಂದಿದೆ, ತಾಯಿ ಗಿಡ್ಡ, ದಿನ ಮೀರಿದೆ — ಇವುಗಳಲ್ಲಿ ಎರಡು ಕೂಡಿದರೆ ಆಪರೇಷನ್ ಸೌಲಭ್ಯ, ರಕ್ತ, ಮಕ್ಕಳ ವೈದ್ಯರು ಇರುವ ಕಡೆಯೇ ಹೆರಿಗೆ ಆಗಬೇಕು. ಹಳಿಯಾಳದಿಂದ ಧಾರವಾಡ ಸುಮಾರು 35 ಕಿ.ಮೀ.; ಮುಂಡಗೋಡದಿಂದ ಹುಬ್ಬಳ್ಳಿ ಸುಮಾರು 50. ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಈ ಇಡೀ ಭಾಗಕ್ಕೆ ದೊಡ್ಡಾಸ್ಪತ್ರೆ. ಜೊಯಿಡಾದ ಕಥೆ ಬೇರೆ. ಅಣಶಿ ಸುತ್ತಲಿನವರಿಗೆ ಘಟ್ಟ ಇಳಿದು ಕಾರವಾರದ ವೈದ್ಯಕೀಯ ಕಾಲೇಜು, ರಾಮನಗರ, ಕ್ಯಾಸಲ್‌ರಾಕ್ ಕಡೆಯವರಿಗೆ ಬೆಳಗಾವಿ, ಉಳಿದವರಿಗೆ ದಾಂಡೇಲಿ ದಾಟಿ ಧಾರವಾಡ, ಹುಬ್ಬಳ್ಳಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಊರುಗಳಿಗೆ ಮಳೆಗಾಲದ ರಾತ್ರಿ ವಾಹನ ಬರುವುದು, ಫೋನು ಸಿಗುವುದು ಎರಡೂ ಅನುಮಾನ. ಅಲ್ಲಿ ನೋವು ಶುರುವಾದ ಮೇಲೆ ಹೊರಡುವುದು ಬಹಳ ತಡ.

ಅದಕ್ಕೆ ಎಂಟನೇ ತಿಂಗಳಲ್ಲೇ ಮನೆಯವರೆಲ್ಲ ಕೂತು ಮಾತಾಡಿ ಮುಗಿಸಿ. ಯಾವ ಆಸ್ಪತ್ರೆ, ಯಾರ ಗಾಡಿ, ಯಾರು ಜೊತೆಗೆ, ರಕ್ತ ಕೊಡುವವರು ಯಾರು, ದಿನ ಹತ್ತಿರವಾದಾಗ ಪಟ್ಟಣದ ಯಾವ ನೆಂಟರ ಮನೆಯಲ್ಲಿ ಉಳಿಯುವುದು — ಎಲ್ಲ ತೀರ್ಮಾನವಾಗಲಿ. ತವರಿಗೆ ಕಳಿಸುವಾಗಲೂ ಇದೇ ಲೆಕ್ಕ. ತವರುಮನೆ ಆಸ್ಪತ್ರೆಯಿಂದ ಇನ್ನೂ ದೂರವಿದ್ದರೆ ಹೆರಿಗೆ ಮುಗಿಸಿಕೊಂಡೇ ಅಲ್ಲಿಗೆ ಹೋಗಲಿ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವ ವಾಹನ ಎಲ್ಲವೂ ಉಚಿತ. 40 ವಾರ ಮುಗಿದ ದಿನ ನೋವು ಬರದಿದ್ದರೂ ಹೋಗಿ ತೋರಿಸಬೇಕು.

ಹೆರಿಗೆ ಹೊತ್ತಿನಲ್ಲಿ ತಲೆ ಹೊರಬಂದು ಭುಜ ಸಿಕ್ಕಿಕೊಂಡರೆ ತರಬೇತಿ ಪಡೆದ ನರ್ಸ್ ತಾಯಿಯ ಎರಡೂ ತೊಡೆಗಳನ್ನು ಹೊಟ್ಟೆಯತ್ತ ಮಡಚಿ, ಇನ್ನೊಬ್ಬರಿಂದ ಕೆಳಹೊಟ್ಟೆಯ ಎಲುಬಿನ ಮೇಲ್ಭಾಗದಲ್ಲಿ ಒತ್ತಿಸುತ್ತಾರೆ. ಬಹಳಷ್ಟು ಸಲ ಅಷ್ಟರಲ್ಲೇ ಬಿಡಿಸಿಕೊಳ್ಳುತ್ತದೆ. ಮೇಲುಹೊಟ್ಟೆಯನ್ನು ಕೈಯಿಂದಲೋ ಮೊಣಕೈಯಿಂದಲೋ ಕೆಳಗೆ ದೂಡುವುದು, ತಲೆ ಹಿಡಿದು ಜಗ್ಗುವುದು ತಾಯಿಗೂ ಕೂಸಿಗೂ ಹಾನಿ. ಇನ್ನೊಂದು ಸಂಗತಿ ಎಲ್ಲರಿಗೂ ತಿಳಿದಿರಲಿ. ಭುಜ ಸಿಕ್ಕಿಕೊಳ್ಳುವ ಪ್ರಸಂಗಗಳಲ್ಲಿ ಸುಮಾರು ಅರ್ಧದಷ್ಟು ನಡೆಯುವುದು 4 ಕೆ.ಜಿ.ಗಿಂತ ಕಡಿಮೆ ತೂಕದ ಕೂಸುಗಳಲ್ಲೇ. ಆದ್ದರಿಂದ ಈ ಕೈಚಳಕ ಗೊತ್ತಿರುವವರ ಬಳಿಯೇ ಎಲ್ಲ ಹೆರಿಗೆಯೂ ಆಗಬೇಕು.

ಕೂಸು ಬಂದ ಮೇಲೆ

ಒಂದು ತಾಸಿನೊಳಗೆ ಎದೆಹಾಲು ಕುಡಿಸಲೇಬೇಕು. ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತರೂ ಕೂಸಿನ ಇನ್ಸುಲಿನ್ ಹೆಚ್ಚೇ ಇರುವುದರಿಂದ ಅದರ ರಕ್ತದ ಸಕ್ಕರೆ ದಿಢೀರ್ ಇಳಿಯಬಹುದು. ಕೂಸು ನಡುಗಿದರೆ, ಹಾಲು ಕುಡಿಯಲು ಎಚ್ಚರವಾಗದಿದ್ದರೆ ತಕ್ಷಣ ಹೇಳಿ. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ. ಎರಡೂ ಕೈ ಒಂದೇ ರೀತಿ ಆಡಿಸುತ್ತಿದೆಯೇ ಎಂಬುದನ್ನೂ ನೋಡಿ. ದೊಡ್ಡ ಕೂಸಿಗೆ ಹಾಲು ಸಾಲದು ಎಂದು ಜೇನುತುಪ್ಪ, ಸಕ್ಕರೆ ನೀರು, ಡಬ್ಬಿ ಹಾಲು ಕೊಡುವುದು ಬೇಡ. ನಾಲ್ಕು ಕೆ.ಜಿ. ಕೂಸಿಗೂ ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು.

ತಾಯಿಯ ಗರ್ಭಕೋಶ ಹೆಚ್ಚು ಹಿಗ್ಗಿರುವುದರಿಂದ ಕುಗ್ಗಲು ತಡವಾಗಿ ರಕ್ತ ಹೆಚ್ಚು ಹೋಗಬಹುದು. ಮೊದಲ ದಿನ ಬಟ್ಟೆ ಬೇಗ ಬೇಗ ತೋಯುತ್ತಿದ್ದರೆ ಸಂಕೋಚಪಡದೆ ನರ್ಸನ್ನು ಕರೆಯಿರಿ.

ಆಮೇಲೆ ಬಾಣಂತನ. ಅಂಟಿನ ಉಂಡಿ, ಅಳ್ವಿ ಪಾಯಸ, ತುಪ್ಪ, ಕೊಬ್ಬರಿ ಎಲ್ಲ ರೂಢಿಯಂತೆ ನಡೆಯುತ್ತದೆ, ಮೂರು ತಿಂಗಳು ಅಲುಗಾಡದೆ ಕೂರಿಸುತ್ತಾರೆ. ಸಣಕಲು ಬಾಣಂತಿಗೆ ಅದು ಬೇಕು. ಬಸಿರಿನಲ್ಲೇ ಹದಿನೈದು ಕೆ.ಜಿ. ಏರಿದವಳಿಗೆ ಉಂಡಿ ಕಡಿಮೆ, ಬೇಳೆ, ಸೊಪ್ಪು, ಮೊಟ್ಟೆ ಹೆಚ್ಚು ಇರಲಿ. 2006ರಲ್ಲಿ ಸ್ವೀಡನ್ನಿನ ಸುಮಾರು ಒಂದೂವರೆ ಲಕ್ಷ ತಾಯಂದಿರ ದಾಖಲೆ ನೋಡಿದಾಗ, ಮೊದಲ ಮತ್ತು ಎರಡನೇ ಬಸಿರಿನ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿ ಎರಡನೇ ಕೂಸು ಅಳತೆ ಮೀರಿ ಬೆಳೆಯುವುದು, ಬಸಿರಿನ ಸಕ್ಕರೆ ಕಾಯಿಲೆ ಬರುವುದು ಎರಡೂ ಹೆಚ್ಚು ಕಂಡವು. ಎರಡು ಬಸಿರಿನ ನಡುವಿನ ಕಾಲವೇ ತೂಕ ಇಳಿಸಿಕೊಳ್ಳಲು ಸರಿಯಾದ ಹೊತ್ತು; ಮೂರು ವರ್ಷದ ಅಂತರ ಇದ್ದರೆ ಅದಕ್ಕೆ ಪುರುಸೊತ್ತೂ ಸಿಗುತ್ತದೆ. ಬಸಿರಿನಲ್ಲಿ ಸಕ್ಕರೆ ಕಂಡಿದ್ದವರು ಹೆರಿಗೆಯಾದ ಆರನೇ ವಾರ ಮತ್ತೆ ಪರೀಕ್ಷೆ ಮಾಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ.

ಡಿಸ್ಚಾರ್ಜ್ ಆಗುವ ಮುನ್ನ ಕೂಸಿನ ತೂಕ ಗ್ರಾಂ ಸಮೇತ, ಎಷ್ಟನೇ ವಾರಕ್ಕೆ ಹುಟ್ಟಿತು, ಹೆರಿಗೆ ಹೇಗಾಯಿತು, ಭುಜ ಸಿಕ್ಕಿಕೊಂಡಿತ್ತೇ ಎಂಬ ನಾಲ್ಕು ಸಂಗತಿಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕಾರ್ಡಿನ ಒಂದು ಫೋಟೊ ಮನೆಯ ಎರಡು ಮೊಬೈಲುಗಳಲ್ಲಿ ಇರಲಿ. ಮುಂದಿನ ಬಸಿರಿನ ಮೊದಲ ತಪಾಸಣೆಗೆ ಹೋದಾಗ ಅದನ್ನು ತೋರಿಸಿ, ಅಂದೇ ಗ್ಲೂಕೋಸ್ ಪರೀಕ್ಷೆ ಕೇಳಿ.